ಥ್ರಾಟಲ್ ದೋಷ ಸಂಕೇತ: ಬಿಡಿಭಾಗ ಬದಲಿಸುವ ಮುನ್ನ ಅಳೆದು ನೋಡಿ

ಘಟ್ಟದ ರಸ್ತೆಯಲ್ಲಿ ಏರುತ್ತಿದ್ದ ಕಾರು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಿದರೂ ವೇಗ ಏರುವುದಿಲ್ಲ. ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಬೆಳಗುತ್ತದೆ. ಹಿಂದಿನಿಂದ ಲಾರಿಗಳ ಹಾರನ್ ಕೇಳಿಸುತ್ತಿರುವಾಗ ಹೇಗೋ ಬದಿಗೆ ಸರಿಸಿ, ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಕಾರು ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಎರಡು ದಿನ ಕಳೆದ ಮೇಲೆ ಮತ್ತದೇ ತೊಂದರೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದಾಗ ‘ಪಿ2135’ ಎಂಬ ಸಂಕೇತ ಮೂಡುತ್ತದೆ. ‘ಥ್ರಾಟಲ್ ಬಾಡಿ ಹೋಗಿದೆ, ಹೊಸದು ಹಾಕಬೇಕು’ ಎಂಬ ತೀರ್ಮಾನವೂ ಬಹಳ ಸಲ ಅಲ್ಲಿಯೇ ಹೊರಬೀಳುತ್ತದೆ. ಸಾವಿರಾರು ರೂಪಾಯಿ ತೆತ್ತು ಹೊಸ ಭಾಗ ಅಳವಡಿಸಿದ ವಾರದೊಳಗೆ ಅದೇ ದೀಪ ಮರಳಿ ಬೆಳಗಿದಾಗ ಮಾಲೀಕ ಕಂಗಾಲಾಗುತ್ತಾನೆ.

ಈ ಗೊಂದಲಕ್ಕೆ ಕಾರಣ ಸಂಕೇತವನ್ನು ಓದುವ ರೀತಿ. ಪಿ2135 ಎಂದರೆ ಥ್ರಾಟಲ್ ಬಾಡಿ ಕೆಟ್ಟಿದೆ ಎಂದಲ್ಲ. ಎರಡು ಸೆನ್ಸರ್‌ಗಳು ನೀಡುತ್ತಿರುವ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದಷ್ಟೇ. ತಪ್ಪು ಸೆನ್ಸರಿನದೋ, ತಂತಿಯದೋ, ಕನೆಕ್ಟರಿನದೋ ಎಂಬುದನ್ನು ಸಂಕೇತ ಹೇಳುವುದಿಲ್ಲ. ಅದನ್ನು ಅಳೆದೇ ತಿಳಿಯಬೇಕು.

ಕೇಬಲ್ ಹೋಗಿ ಮೋಟಾರ್ ಬಂತು

ಪೆಟ್ರೋಲ್ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂಬುದನ್ನು ನಿರ್ಧರಿಸುವುದು ಥ್ರಾಟಲ್ ಬಾಡಿಯೊಳಗಿನ ದುಂಡನೆಯ ತಟ್ಟೆ. ಹಳೆಯ ಕಾರುಗಳಲ್ಲಿ ಪೆಡಲಿಗೂ ಈ ತಟ್ಟೆಗೂ ನಡುವೆ ಉಕ್ಕಿನ ಕೇಬಲ್ ಇರುತ್ತಿತ್ತು. ಕಾಲು ಒತ್ತಿದಷ್ಟು ತಟ್ಟೆ ತೆರೆಯುತ್ತಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಬಿಎಂಡಬ್ಲ್ಯೂ 7 ಸರಣಿಯಂತಹ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡ ಎಲೆಕ್ಟ್ರಾನಿಕ್ ಥ್ರಾಟಲ್, ಮುಂದಿನ ಎರಡು ದಶಕಗಳಲ್ಲಿ ಸಾಮಾನ್ಯ ಕಾರುಗಳಿಗೂ ಇಳಿದು ಬಂತು.

ಈ ವ್ಯವಸ್ಥೆಯಲ್ಲಿ ಪೆಡಲ್ ಎಂಬುದು ಕೇವಲ ಮನವಿ ಸಲ್ಲಿಸುವ ಸಾಧನ. ಚಾಲಕ ಎಷ್ಟು ಒತ್ತಿದ್ದಾನೆ ಎಂಬುದನ್ನು ಪೆಡಲಿನ ಸೆನ್ಸರ್‌ಗಳು ವಿದ್ಯುತ್ ಸಂಕೇತವಾಗಿ ಎಂಜಿನ್ ನಿಯಂತ್ರಣ ಗಣಕಕ್ಕೆ, ಅಂದರೆ ಇಸಿಯುಗೆ, ತಲುಪಿಸುತ್ತವೆ. ಇಸಿಯು ಎಂಜಿನ್ನಿನ ಉಷ್ಣತೆ, ವೇಗ, ಎ.ಸಿ. ಹೊರೆ, ಚಕ್ರಗಳ ಜಾರುವಿಕೆ ಮೊದಲಾದುವನ್ನು ಗಮನಿಸಿ ಥ್ರಾಟಲ್ ಬಾಡಿಯ ಪುಟ್ಟ ಮೋಟಾರಿಗೆ ಆದೇಶ ನೀಡುತ್ತದೆ. ಮೋಟಾರ್ ಹಲ್ಲುಚಕ್ರಗಳ ಮೂಲಕ ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆ ನಿಜಕ್ಕೂ ಎಲ್ಲಿ ನಿಂತಿದೆ ಎಂಬ ವರದಿಯನ್ನು ಥ್ರಾಟಲ್ ಬಾಡಿಯ ಸೆನ್ಸರ್‌ಗಳು ಮರಳಿ ಇಸಿಯುಗೆ ಕಳುಹಿಸುತ್ತವೆ. ಈ ಸುತ್ತು ಕ್ಷಣಕ್ಷಣವೂ ನಡೆಯುತ್ತಿರುತ್ತದೆ.

ಡೀಸೆಲ್ ಕಾರುಗಳಲ್ಲಿ ಬಲವನ್ನು ನಿರ್ಧರಿಸುವುದು ಗಾಳಿಯಲ್ಲ, ಇಂಧನದ ಪ್ರಮಾಣ. ಆದರೂ ಇಂದಿನ ಡೀಸೆಲ್ ಕಾರುಗಳ ಪೆಡಲ್ ಕೂಡ ಎಲೆಕ್ಟ್ರಾನಿಕ್ ಆಗಿರುವುದರಿಂದ ಪೆಡಲ್ ಸಂಬಂಧಿ ಸಂಕೇತಗಳು ಅವುಗಳಿಗೂ ಅನ್ವಯಿಸುತ್ತವೆ.

ಒಂದೇ ಕೆಲಸಕ್ಕೆ ಎರಡು ಸೆನ್ಸರ್ ಏಕೆ?

ಕೇಬಲ್ ಕಡಿದರೆ ಎಂಜಿನ್ ತಾನಾಗಿ ನಿಧಾನಗತಿಗೆ ಇಳಿಯುತ್ತಿತ್ತು. ಸೆನ್ಸರ್ ತಪ್ಪು ಹೇಳಿದರೆ ಹಾಗಲ್ಲ. ಚಾಲಕ ಕಾಲು ತೆಗೆದಿದ್ದರೂ ‘ಪೂರ್ತಿ ಒತ್ತಿದ್ದಾನೆ’ ಎಂಬ ಸುಳ್ಳು ವರದಿ ಹೋಗುವ ಅಪಾಯವಿದೆ. ಆದ್ದರಿಂದ ಪೆಡಲಿನಲ್ಲಿಯೂ ಥ್ರಾಟಲ್ ಬಾಡಿಯಲ್ಲಿಯೂ ತಲಾ ಎರಡು ಸೆನ್ಸರ್‌ಗಳನ್ನು ಇರಿಸಲಾಗುತ್ತದೆ. ಒಂದೇ ಲೆಕ್ಕವನ್ನು ಇಬ್ಬರು ಗುಮಾಸ್ತರು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದು ಸಂಜೆ ತಾಳೆ ನೋಡುವ ಕ್ರಮವಿದು. ಇಬ್ಬರೂ ಒಂದೇ ತಪ್ಪನ್ನು ಮಾಡದಿರಲೆಂದು ಅವರ ಬರವಣಿಗೆಯ ವಿಧಾನವನ್ನೂ ಬೇರೆಯಾಗಿಸಲಾಗಿದೆ.

ಥ್ರಾಟಲ್ ಬಾಡಿಯ ಒಂದು ಸಾಮಾನ್ಯ ವಿನ್ಯಾಸದಲ್ಲಿ ಇಸಿಯು ಎರಡೂ ಸೆನ್ಸರ್‌ಗಳಿಗೆ 5 ವೋಲ್ಟ್ ಪೂರೈಸುತ್ತದೆ. ತಟ್ಟೆ ತೆರೆದಂತೆ ಮೊದಲನೆಯ ಸೆನ್ಸರಿನ ವೋಲ್ಟೇಜ್ ಏರುತ್ತದೆ, ಎರಡನೆಯದು ಇಳಿಯುತ್ತದೆ. ತಟ್ಟೆ ಮುಚ್ಚಿದಾಗ ಒಂದು 0.6 ವೋಲ್ಟ್ ತೋರಿಸಿದರೆ ಇನ್ನೊಂದು 4.4 ತೋರಿಸುತ್ತದೆ. ಅರ್ಧ ದಾರಿಯಲ್ಲಿ ಎರಡೂ 2.5ರಲ್ಲಿ ಸಂಧಿಸುತ್ತವೆ. ತಟ್ಟೆ ಎಲ್ಲಿಯೇ ಇರಲಿ, ಎರಡರ ಮೊತ್ತ 5 ವೋಲ್ಟ್ ಆಗಿರಬೇಕು. ಪೆಡಲ್ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಏರುತ್ತವೆ. ಹಲವು ವಿನ್ಯಾಸಗಳಲ್ಲಿ ಒಂದು ಸದಾ ಇನ್ನೊಂದರ ಅರ್ಧದಷ್ಟಿರುತ್ತದೆ. ನಿಖರ ಅಂಕಿಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆಯಾದರೂ ತಾಳೆ ನೋಡುವ ತತ್ತ್ವ ಒಂದೇ.

ಲೆಕ್ಕ ತಪ್ಪಿದೊಡನೆ ಇಸಿಯು ಅನುಮಾನದ ಲಾಭವನ್ನು ಸುರಕ್ಷತೆಗೆ ನೀಡುತ್ತದೆ. ಥ್ರಾಟಲ್ ದೋಷ ಗಂಭೀರವಾಗಿದ್ದರೆ ಮೋಟಾರಿನ ವಿದ್ಯುತ್ ಕಡಿತಗೊಳ್ಳುತ್ತದೆ. ಆಗ ಸ್ಪ್ರಿಂಗ್‌ಗಳು ತಟ್ಟೆಯನ್ನು ತುಸುವೇ ತೆರೆದ ಸ್ಥಿತಿಯಲ್ಲಿ ನಿಲ್ಲಿಸುತ್ತವೆ. ಕಾರು ಕುಂಟುತ್ತಾ ರಸ್ತೆಯ ಬದಿಗೋ ಹತ್ತಿರದ ಗ್ಯಾರೇಜಿಗೋ ತಲುಪಬಹುದು. ಇದನ್ನೇ ‘ಲಿಂಪ್ ಮೋಡ್’ ಎನ್ನುವುದು. ಬಲ ಕುಂದುವುದು ಇಲ್ಲಿ ಹೊಸ ದೋಷವಲ್ಲ, ಉದ್ದೇಶಪೂರ್ವಕ ರಕ್ಷಣೆ ಎಂಬುದು ಗಮನಾರ್ಹ.

ಅಮೆರಿಕದ ತನಿಖೆ ಕಂಡದ್ದು

ಈ ವ್ಯವಸ್ಥೆಯ ಬಗ್ಗೆ ಜಗತ್ತಿನ ಗಮನ ಹರಿದದ್ದು 2009–10ರಲ್ಲಿ. ಟೊಯೊಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತಿವೆ ಎಂಬ ದೂರುಗಳು ಅಮೆರಿಕದಲ್ಲಿ ಕೋಲಾಹಲವೆಬ್ಬಿಸಿದವು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ನಾಸಾದ ಎಂಜಿನಿಯರುಗಳ ನೆರವು ಪಡೆದು ತನಿಖೆ ನಡೆಸಿತು. 2011ರ ಫೆಬ್ರುವರಿಯಲ್ಲಿ ಹೊರಬಂದ ವರದಿ, ಅಪಾಯಕಾರಿ ವೇಗಕ್ಕೆ ಎಲೆಕ್ಟ್ರಾನಿಕ್ ಕಾರಣವಿದೆ ಎಂಬುದಕ್ಕೆ ಪುರಾವೆ ದೊರೆಯಲಿಲ್ಲವೆಂದಿತು. ಪೆಡಲಿಗೆ ಸಿಕ್ಕಿಕೊಳ್ಳುವ ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲ್ ಅದಾಗಲೇ ಗುರುತಾಗಿದ್ದ ಕಾರಣಗಳು. 2013ರಲ್ಲಿ ಒಕ್ಲಹೋಮಾದ ನ್ಯಾಯಾಲಯವೊಂದರಲ್ಲಿ ಜ್ಯೂರಿಯು ಬೇರೆ ನಿಲುವು ತಳೆದು ಕಂಪೆನಿಯ ವಿರುದ್ಧ ತೀರ್ಪಿತ್ತಿತು.

ರೋಗಪತ್ತೆಯ ದೃಷ್ಟಿಯಿಂದ ಆ ತನಿಖೆಯ ಒಂದು ಸಣ್ಣ ಅಂಶ ಉಪಯುಕ್ತ. ದೂರು ಬಂದಿದ್ದ ಕಾರೊಂದರ ಪೆಡಲನ್ನು ಬಿಚ್ಚಿ ನೋಡಿದಾಗ, ಒಳಗೆ ಕೂದಲಿಗಿಂತ ತೆಳ್ಳಗಿನ ತವರದ ಎಳೆಯೊಂದು ಬೆಳೆದು ಎರಡು ಸೆನ್ಸರ್‌ಗಳ ಸಂಕೇತಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸಂಪರ್ಕವೂ ಲೆಕ್ಕ ಕೆಡಿಸಬಲ್ಲದು. ಅಳೆಯದೆ ಊಹಿಸುವುದು ಏಕೆ ಸಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಸಂಕೇತದ ಭಾಷೆ

ಕಾರುಗಳು ತಮ್ಮ ದೋಷವನ್ನು ತಾವೇ ದಾಖಲಿಸುವ ‘ಒಬಿಡಿ-2’ ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು. ಭಾರತದಲ್ಲಿ ಇದರ ಮೊದಲ ಹಂತ 2010ರ ಏಪ್ರಿಲ್‌ನಿಂದಲೂ ಎರಡನೆಯ ಹಂತ 2013ರ ಏಪ್ರಿಲ್‌ನಿಂದಲೂ ಜಾರಿಗೆ ಬಂತು. ಸ್ಟೀರಿಂಗ್ ಕೆಳಭಾಗದ ಆಸುಪಾಸಿನಲ್ಲಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಸಂಕೇತಗಳನ್ನು ಓದಬಹುದು. ಮೊಬೈಲ್ ಫೋನಿಗೆ ಬ್ಲೂಟೂತ್ ಮೂಲಕ ಮಾಹಿತಿ ಕಳುಹಿಸುವ ಅಗ್ಗದ ಉಪಕರಣಗಳೂ ಲಭ್ಯ.

ಮೊದಲಕ್ಷರ ‘ಪಿ’ ಎಂದರೆ ಎಂಜಿನ್ ಮತ್ತು ಗೇರ್ ವಿಭಾಗ. ನಂತರದ ಅಂಕಿ 0 ಅಥವಾ 2 ಆಗಿದ್ದರೆ ಸಂಕೇತದ ಅರ್ಥ ಎಲ್ಲ ತಯಾರಕರಿಗೂ ಸಮಾನ. 1 ಆಗಿದ್ದರೆ ಅದು ತಯಾರಕರ ಸ್ವಂತ ಸಂಕೇತ, ಅವರ ಕೈಪಿಡಿಯನ್ನೇ ನೋಡಬೇಕು. ಥ್ರಾಟಲಿಗೆ ಸಂಬಂಧಿಸಿ ಹೆಚ್ಚಾಗಿ ಕಾಣಸಿಗುವ ಸಂಕೇತಗಳು ಹೀಗಿವೆ:

* ಪಿ0122, ಪಿ0123: ಮೊದಲ ಥ್ರಾಟಲ್ ಸೆನ್ಸರಿನ ವೋಲ್ಟೇಜ್ ಕ್ರಮವಾಗಿ ತೀರಾ ಕಡಿಮೆ, ತೀರಾ ಹೆಚ್ಚು.
* ಪಿ0222, ಪಿ0223: ಎರಡನೆಯ ಥ್ರಾಟಲ್ ಸೆನ್ಸರಿಗೆ ಇದೇ ಅರ್ಥ.
* ಪಿ2135: ಥ್ರಾಟಲ್ ಸೆನ್ಸರ್‌ಗಳೆರಡರ ಲೆಕ್ಕ ತಾಳೆಯಾಗುತ್ತಿಲ್ಲ.
* ಪಿ2138: ಪೆಡಲ್ ಸೆನ್ಸರ್‌ಗಳೆರಡರ ಲೆಕ್ಕ ತಾಳೆಯಾಗುತ್ತಿಲ್ಲ.
* ಪಿ2101: ಮೋಟಾರಿನ ವಿದ್ಯುತ್ ಮಾರ್ಗ ನಿರೀಕ್ಷೆಯಂತೆ ಕೆಲಸ ಮಾಡುತ್ತಿಲ್ಲ.
* ಪಿ2111, ಪಿ2112: ತಟ್ಟೆ ಕ್ರಮವಾಗಿ ತೆರೆದಲ್ಲಿ, ಮುಚ್ಚಿದಲ್ಲಿ ಸಿಕ್ಕಿಕೊಂಡಿದೆ.
* ಪಿ2106: ರಕ್ಷಣೆಗಾಗಿ ಎಂಜಿನ್ ಬಲವನ್ನು ಮಿತಿಗೊಳಿಸಲಾಗಿದೆ. ಇದು ಪರಿಣಾಮ, ಕಾರಣವನ್ನು ಜೊತೆಯಲ್ಲಿರುವ ಇನ್ನೊಂದು ಸಂಕೇತದಲ್ಲಿ ಹುಡುಕಬೇಕು.

ಪಿ2135 ಮತ್ತು ಪಿ2138 ನಡುವಿನ ಒಂದೇ ಅಂಕಿಯ ವ್ಯತ್ಯಾಸ ಮುಖ್ಯ. ಒಂದು ಬಾನೆಟ್ಟಿನ ಕೆಳಗಿನ ಭಾಗವನ್ನು, ಇನ್ನೊಂದು ಚಾಲಕನ ಕಾಲಬಳಿಯ ಭಾಗವನ್ನು ತೋರಿಸುತ್ತದೆ.

ತಪಾಸಣೆಯ ಕ್ರಮ

ಮೊದಲ ಹೆಜ್ಜೆ ಸಂಕೇತವನ್ನು ಅಳಿಸುವುದಲ್ಲ, ಬರೆದಿಟ್ಟುಕೊಳ್ಳುವುದು. ದೋಷ ದಾಖಲಾದ ಕ್ಷಣದ ಎಂಜಿನ್ ವೇಗ, ಉಷ್ಣತೆ, ಕಾರಿನ ವೇಗ ಇವೆಲ್ಲವೂ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯಲ್ಲಿರುತ್ತವೆ. ಸಂಕೇತ ಅಳಿಸಿದರೆ ಈ ಸಾಕ್ಷ್ಯವೂ ಅಳಿದುಹೋಗುತ್ತದೆ. ಬ್ಯಾಟರಿ ತಂತಿ ಕಳಚಿದರೂ ಹಲವು ಕಾರುಗಳಲ್ಲಿ ಇದೇ ಆಗುತ್ತದೆ.

ಎರಡನೆಯದು ಬ್ಯಾಟರಿ. ದುರ್ಬಲ ಬ್ಯಾಟರಿಯಿಂದ ಎಂಜಿನ್ ಚಾಲೂ ಮಾಡುವಾಗ ವೋಲ್ಟೇಜ್ ಕುಸಿದು ನಿಜವಲ್ಲದ ಥ್ರಾಟಲ್ ಸಂಕೇತಗಳು ದಾಖಲಾಗುವುದುಂಟು. ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಚಾರ್ಜಿಂಗನ್ನು ಇಸಿಯು ಏರಿಳಿಸುವುದರಿಂದ ಓಡುವಾಗಿನ ಅಂಕಿ ತುಸು ಬದಲಾಗಬಹುದು.

ಮೂರನೆಯದು ಕಣ್ಣಿನ ಪರೀಕ್ಷೆ. ಥ್ರಾಟಲ್ ಬಾಡಿಯ ಕನೆಕ್ಟರನ್ನು ಬಿಚ್ಚಿ ನೋಡಿದಾಗ ಹಸಿರು ಕಿಲುಬು, ತೇವ, ಎಣ್ಣೆ, ಬಾಗಿದ ಪಿನ್, ಸಡಿಲಗೊಂಡ ಲಾಕ್ ಕಂಡುಬರಬಹುದು. ಇಲಿ ಕಡಿದ ತಂತಿ, ಎಂಜಿನ್ ಅದುರಿಗೆ ಸವೆದ ತಂತಿ ಕೂಡ ಸಾಮಾನ್ಯ. ಎಂಜಿನ್ ತೊಳೆಸಿದ ಬಳಿಕ ಅಥವಾ ಮಳೆಯ ನೀರಿನಲ್ಲಿ ಸಾಗಿದ ಬಳಿಕ ತೊಂದರೆ ಆರಂಭವಾಗಿದ್ದರೆ ಕನೆಕ್ಟರಿನ ಮೇಲೆ ಅನುಮಾನ ಬಲವಾಗಬೇಕು.

ನಾಲ್ಕನೆಯದು ಸ್ಕ್ಯಾನರಿನ ‘ಲೈವ್ ಡೇಟಾ’. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಆನ್ ಮಾಡಿ, ಪೆಡಲನ್ನು ನಿಧಾನವಾಗಿ ಒತ್ತುತ್ತಾ ಎರಡೂ ಸೆನ್ಸರ್‌ಗಳ ಅಂಕಿಗಳನ್ನು ಗಮನಿಸಬೇಕು. ದೋಷ ಸಕ್ರಿಯವಾಗಿದ್ದರೆ ಇಸಿಯು ಮೋಟಾರಿಗೆ ವಿದ್ಯುತ್ತನ್ನೇ ಕೊಡದಿರಬಹುದು. ಆದ್ದರಿಂದ ದಾಖಲೆ ಬರೆದಿಟ್ಟುಕೊಂಡ ಬಳಿಕ ಸಂಕೇತ ಅಳಿಸಿ, ಕೀಲಿಯನ್ನು ಆಫ್ ಮಾಡಿ ಆನ್ ಮಾಡಿದ ಮೇಲೆ ಈ ಪರೀಕ್ಷೆ ನಡೆಸುವುದು ಸೂಕ್ತ. ಅಂಕಿಗಳನ್ನು ನೋಡುತ್ತಿರುವಾಗ ಇನ್ನೊಬ್ಬರು ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಾಡಿಸಬೇಕು. ಆಗ ಅಂಕಿ ನೆಗೆದರೆ ದೋಷದ ಜಾಗ ಅಲ್ಲೇ ಎಲ್ಲೋ ಇದೆ ಎಂದರ್ಥ.

ಈ ಎಲ್ಲ ಪರೀಕ್ಷೆಗಳಲ್ಲಿ ಒಂದು ಎಚ್ಚರ ಅಗತ್ಯ. ಕೀಲಿ ಆನ್ ಇರುವಾಗ ಥ್ರಾಟಲ್ ಬಾಡಿಯೊಳಗೆ ಎಂದೂ ಬೆರಳು ಹಾಕಬಾರದು. ಮೋಟಾರ್ ಹಠಾತ್ತನೆ ತಟ್ಟೆಯನ್ನು ಮುಚ್ಚಿದರೆ ಬೆರಳಿಗೆ ಗಂಭೀರ ಗಾಯವಾದೀತು.

ಮೊತ್ತವೇ ಹೇಳುವ ಸತ್ಯ

ಮೊತ್ತ 5 ವೋಲ್ಟ್ ಆಗಬೇಕಾದ ವಿನ್ಯಾಸವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತಟ್ಟೆ ಮುಚ್ಚಿದಾಗ 0.6 ಮತ್ತು 4.4 ಇರಬೇಕಾದಲ್ಲಿ 0.95 ಮತ್ತು 4.45 ಕಾಣಿಸಿತೆನ್ನೋಣ, ಮೊತ್ತ 5.4. ಅರ್ಧ ತೆರೆದಾಗ ಎರಡೂ 2.7 ತೋರಿಸಿದವು, ಮೊತ್ತ ಮತ್ತೆ 5.4. ಎಲ್ಲ ಸ್ಥಾನಗಳಲ್ಲಿಯೂ ಮೊತ್ತ ಒಂದೇ ಪ್ರಮಾಣದಲ್ಲಿ ಹೆಚ್ಚಾಗಿದೆ. ಎರಡು ಸೆನ್ಸರ್‌ಗಳು ಒಟ್ಟಿಗೆ, ಒಂದೇ ರೀತಿಯಲ್ಲಿ ಕೆಡುವುದು ತೀರಾ ಅಪರೂಪ. ಎರಡಕ್ಕೂ ಸಮಾನವಾದುದು ಅರ್ಥಿಂಗ್, ಅಂದರೆ ವಿದ್ಯುತ್ತು ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ. ಆ ದಾರಿಯಲ್ಲಿ ಕಿಲುಬು ಹಿಡಿದ ಪಿನ್ನೋ ಸಡಿಲ ಬೋಲ್ಟೋ 0.4 ವೋಲ್ಟ್ ನುಂಗುತ್ತಿದೆ. ಇಂತಹ ಕಾರಿಗೆ ಹೊಸ ಥ್ರಾಟಲ್ ಬಾಡಿ ಹಾಕಿದರೆ ಅದೂ ಅದೇ ಕೆಟ್ಟ ಅರ್ಥಿಂಗ್ ಮೇಲೆ ಕೂರುತ್ತದೆ, ಸಂಕೇತ ಮರಳುತ್ತದೆ.

ಇದೇ ತರ್ಕವನ್ನು ಮುಂದುವರಿಸಿದರೆ ಬೇರೆ ದೋಷಗಳೂ ಬೇರ್ಪಡುತ್ತವೆ:

* ಮೊತ್ತ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಕಡಿಮೆ: 5 ವೋಲ್ಟ್ ಪೂರೈಕೆಯಲ್ಲಿ ಸೋರಿಕೆ ಅಥವಾ ತಡೆ.
* ಎರಡೂ ಅಂಕಿಗಳು ಸೊನ್ನೆಯ ಬಳಿ: ಪೂರೈಕೆ ಪೂರ್ತಿ ಕಡಿತ.
* ಎರಡೂ ಅಂಕಿಗಳು 5ರ ಬಳಿ: ಅರ್ಥಿಂಗ್ ಪೂರ್ತಿ ಕಡಿತ.
* ತಟ್ಟೆ ಎಲ್ಲಿದ್ದರೂ ಎರಡೂ ಅಂಕಿಗಳು ಪರಸ್ಪರ ಸಮ: ಸಂಕೇತದ ತಂತಿಗಳೆರಡು ಒಂದಕ್ಕೊಂದು ತಗುಲಿವೆ.
* ಒಂದು ನಿರ್ದಿಷ್ಟ ಸ್ಥಾನದಲ್ಲಿ ಮಾತ್ರ ಒಂದು ಅಂಕಿ ನೆಗೆಯುತ್ತದೆ: ಆ ಸೆನ್ಸರಿನ ಒಳಗಿನ ಪಟ್ಟಿ ಸವೆದಿದೆ. ಥ್ರಾಟಲ್ ಬಾಡಿ ಬದಲಿಸಲು ಇದು ನ್ಯಾಯವಾದ ಕಾರಣ.

ಅನುಮಾನವನ್ನು ಖಚಿತಪಡಿಸಲು ಮಲ್ಟಿಮೀಟರ್ ಬೇಕು. ಕನೆಕ್ಟರನ್ನು ಬಿಚ್ಚದೆ, ಅದರ ಹಿಂಬದಿಯಿಂದ ತೆಳ್ಳಗಿನ ಸೂಜಿ ತೂರಿಸಿ ಅಳೆಯುವುದು ಸರಿಯಾದ ವಿಧಾನ. ಕನೆಕ್ಟರ್ ಬಿಚ್ಚಿದರೆ ವಿದ್ಯುತ್ ಹರಿವೇ ನಿಂತು ಕೆಟ್ಟ ತಂತಿಯೂ ಒಳ್ಳೆಯದೆಂಬಂತೆ ತೋರುತ್ತದೆ. ಸೆನ್ಸರಿನ ಅರ್ಥಿಂಗ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ಪೂರೈಕೆಯ ಪಿನ್ನಿನಲ್ಲಿ 5ರ ಆಸುಪಾಸು ಇರಬೇಕು.

ಪೂರೈಕೆ ಕಡಿಮೆಯಿದ್ದರೂ ತಪ್ಪು ಥ್ರಾಟಲಿನದೇ ಎನ್ನುವಂತಿಲ್ಲ. ಅನೇಕ ಕಾರುಗಳಲ್ಲಿ ಎ.ಸಿ. ಒತ್ತಡದ ಸೆನ್ಸರ್, ಗಾಳಿಯ ಒತ್ತಡದ ಸೆನ್ಸರ್ ಮೊದಲಾದುವು ಅದೇ 5 ವೋಲ್ಟ್ ಮಾರ್ಗವನ್ನು ಹಂಚಿಕೊಂಡಿರುತ್ತವೆ. ಅವುಗಳ ಪೈಕಿ ಯಾವುದು ಒಳಗೆ ಶಾರ್ಟ್ ಆದರೂ ಎಲ್ಲದರ ಪೂರೈಕೆ ಕುಸಿಯುತ್ತದೆ. ಒಂದೊಂದನ್ನೇ ಕಳಚುತ್ತಾ ಹೋದಾಗ ಯಾವುದನ್ನು ಕಳಚಿದೊಡನೆ 5 ವೋಲ್ಟ್ ಮರಳುವುದೋ ಅದೇ ಅಪರಾಧಿ.

ತಂತಿ, ಅರ್ಥಿಂಗ್, ಪೂರೈಕೆ, ಸೆನ್ಸರ್ ಎಲ್ಲವೂ ಸರಿಯಿದ್ದು, ಇಸಿಯು ಬದಿಯ ಪಿನ್ನಿನಲ್ಲಿಯೂ ಸರಿಯಾದ ವೋಲ್ಟೇಜ್ ದೊರೆತು, ಸ್ಕ್ಯಾನರ್ ಮಾತ್ರ ತಪ್ಪು ತೋರಿಸಿದರೆ ಆಗ ಇಸಿಯು ಮೇಲೆ ಅನುಮಾನ ಪಡಬಹುದು. ಅದು ಪಟ್ಟಿಯ ಕೊನೆಯ ಹೆಸರು.

ಶುಚಿಗೊಳಿಸಿದರೆ ಸಾಕೇ?

ತಟ್ಟೆಯ ಅಂಚಿನಲ್ಲಿ ಮಸಿ ಕಟ್ಟಿ ಅದು ಸಲೀಸಾಗಿ ತಿರುಗದಿದ್ದರೆ ಪಿ2111, ಪಿ2112, ಪಿ2101 ಮೊದಲಾದ ಸಂಕೇತಗಳು ಬರಬಹುದು. ಅಲ್ಲಿ ಶುಚಿಗೊಳಿಸುವಿಕೆ ಫಲ ನೀಡುತ್ತದೆ. ಆದರೆ ಪಿ2135 ವಿದ್ಯುತ್ ಲೆಕ್ಕದ ದೋಷ. ಮಸಿ ಒರೆಸಿದ ಮಾತ್ರಕ್ಕೆ ಅದು ಸರಿಹೋಗುವುದು ಅಪರೂಪ. ಶುಚಿಗೊಳಿಸುವಾಗ ಕನೆಕ್ಟರ್ ತಾಗಿ ಕೆಲವು ದಿನ ತೊಂದರೆ ಮರೆಯಾಗುವುದುಂಟು.

ಶುಚಿಗೊಳಿಸುವುದಾದರೆ ಥ್ರಾಟಲ್ ಬಾಡಿಗೆಂದೇ ತಯಾರಾದ ದ್ರವವನ್ನು ಬಟ್ಟೆಗೆ ಹಾಕಿ ಒರೆಸಬೇಕು. ನೇರವಾಗಿ ಸಿಂಪಡಿಸಿದರೆ ದ್ರವ ಸೆನ್ಸರ್ ಮತ್ತು ಮೋಟಾರಿನತ್ತ ಇಳಿಯಬಹುದು. ಕೆಲವು ತಯಾರಕರು ತಟ್ಟೆಯ ಅಂಚಿಗೆ ಹಚ್ಚಿರುವ ವಿಶೇಷ ಲೇಪವನ್ನು ಉಜ್ಜಿ ತೆಗೆಯಬಾರದು. ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರಗಳಿಗೆ ಹಾನಿಯಾದೀತು.

ಶುಚಿಗೊಳಿಸಿದ ಅಥವಾ ಹೊಸ ಭಾಗ ಅಳವಡಿಸಿದ ಬಳಿಕ ತಟ್ಟೆಯ ಮುಚ್ಚಿದ ಸ್ಥಾನವನ್ನು ಇಸಿಯು ಮತ್ತೆ ಕಲಿಯಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಕೀಲಿ ಆನ್ ಮಾಡಿ ಪೆಡಲ್ ಮುಟ್ಟದೆ ಕೆಲಹೊತ್ತು ಬಿಟ್ಟರೆ ಸಾಕು. ಇನ್ನು ಕೆಲವಕ್ಕೆ ಸ್ಕ್ಯಾನರ್ ಮೂಲಕ ಆದೇಶ ನೀಡಬೇಕು. ಈ ಹಂತ ಬಿಟ್ಟರೆ ನಿಂತಲ್ಲಿ ಎಂಜಿನ್ ವೇಗ ಏರಿಳಿಯುತ್ತದೆ, ಹೊಸ ಭಾಗವೇ ಕೆಟ್ಟದ್ದೆಂಬ ತಪ್ಪು ಅಭಿಪ್ರಾಯ ಮೂಡುತ್ತದೆ.

ರಸ್ತೆಯ ನಡುವೆ ಬಲ ಕುಂದಿದರೆ

ಬ್ರೇಕ್ ವ್ಯವಸ್ಥೆ ಥ್ರಾಟಲಿನಿಂದ ಪ್ರತ್ಯೇಕವಾಗಿದ್ದು, ಅದು ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಗಾಬರಿಯಾಗದೆ ಹಜಾರ್ಡ್ ದೀಪ ಹಾಕಿ, ಎಡಬದಿಗೆ ಸರಿದು ಸುರಕ್ಷಿತ ಜಾಗದಲ್ಲಿ ನಿಲ್ಲಬೇಕು. ಕಾರು ಚಲಿಸುತ್ತಿರುವಾಗಲೇ ಕೀಲಿ ಆಫ್ ಮಾಡುವುದು ಅಪಾಯಕರ. ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ನೆರವೂ ಕ್ಷೀಣಿಸುತ್ತದೆ. ನಿಂತ ಮೇಲೆ ಆಫ್ ಮಾಡಿ ಮತ್ತೆ ಚಾಲೂ ಮಾಡಿದಾಗ ಕಾರು ಸರಿಯಾಗಿ ಓಡಿದರೂ ದೋಷ ನೀಗಿತೆಂದು ಭಾವಿಸಬಾರದು. ಹೆದ್ದಾರಿಯಲ್ಲಿ ಇನ್ನೊಂದು ವಾಹನವನ್ನು ಹಿಂದಿಕ್ಕುವಾಗ ಅದು ಮರುಕಳಿಸಿದರೆ ಪ್ರಾಣಕ್ಕೇ ಕುತ್ತು. ದುರಸ್ತಿಯಾಗುವವರೆಗೆ ದೂರದ ಪ್ರಯಾಣ ಬೇಡ.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಾರಿನ ಮಾಲೀಕರು ಮಲ್ಟಿಮೀಟರ್ ಹಿಡಿಯಬೇಕಾಗಿಲ್ಲ. ಆದರೆ ಬಿಡಿಭಾಗ ಬದಲಿಸಲು ಒಪ್ಪುವ ಮುನ್ನ ನಾಲ್ಕು ಪ್ರಶ್ನೆ ಕೇಳುವುದು ಅವರ ಹಕ್ಕು. ದಾಖಲಾದ ಸಂಕೇತಗಳೆಲ್ಲ ಯಾವುವು, ಮತ್ತು ಅವು ಯಾವ ವೇಗ, ಯಾವ ಉಷ್ಣತೆಯಲ್ಲಿ ದಾಖಲಾದವು? ಎರಡು ಸೆನ್ಸರ್‌ಗಳ ವೋಲ್ಟೇಜ್ ಎಷ್ಟಿತ್ತು? 5 ವೋಲ್ಟ್ ಪೂರೈಕೆ ಮತ್ತು ಅರ್ಥಿಂಗನ್ನು ಕನೆಕ್ಟರ್ ಬಳಿ ಅಳೆಯಲಾಯಿತೇ? ತಂತಿ ಅಲುಗಾಡಿಸಿದಾಗ ಅಂಕಿಗಳು ಸ್ಥಿರವಾಗಿದ್ದವೇ?

ಈ ನಾಲ್ಕಕ್ಕೂ ಅಂಕಿಗಳ ಸಮೇತ ಉತ್ತರ ದೊರೆತ ಮೇಲೂ ಥ್ರಾಟಲ್ ಬಾಡಿ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದರೆ ಆ ಖರ್ಚು ಸಾರ್ಥಕ. ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯುವುದೂ ಒಳ್ಳೆಯದು. ಉತ್ತರ ‘ಸ್ಕ್ಯಾನರ್ ಹೇಳಿದೆ’ ಎಂದಷ್ಟೇ ಆಗಿದ್ದರೆ ತಪಾಸಣೆ ಇನ್ನೂ ಆರಂಭವಾಗಿಲ್ಲವೆಂದೇ ತಿಳಿಯಬೇಕು.